ವಿದ್ಯುತ್ ವಾಹನದ ಬ್ಯಾಟರಿ: ಬಾಳಿಕೆಯೂ ಚಾರ್ಜು ಮಾಡುವ ರೂಢಿಯೂ

(ತಿರುವನಂತಪುರದ ಉಳ್ಳೂರಿನಲ್ಲಿ ಕನ್ನಡ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಉಳ್ಳೂರು ಎಂದೊಡನೆ ಸಾಹಿತ್ಯ ಓದಿದವರಿಗೆ ನೆನಪಾಗುವುದು ಮಲಯಾಳದ ಮಹಾಕವಿ ಉಳ್ಳೂರ್ ಎಸ್. ಪರಮೇಶ್ವರ ಅಯ್ಯರ್ ಅವರು. ಕನ್ನಡ ಎಂ.ಎ. ಮಾಡಿದ ನನ್ನಂಥವರು ಈ ಊರಿಗೆ ಬಂದು ಕವಿಯನ್ನು ಬಿಟ್ಟು ಬ್ಯಾಟರಿಯ ವಿಚಾರ ಮಾತನಾಡುವುದು ವಿಚಿತ್ರವೆನಿಸಬಹುದು. ಆದರೆ ಸಂಚಾಲಕರು ಸೂಚಿಸಿದ ವಿಷಯವೇ ಇದು. ಸಭಾಂಗಣದ ಹೊರಗೆ ಸಾಲಾಗಿ ನಿಂತಿರುವ ಹಸಿರು ಸಂಖ್ಯಾಫಲಕದ ಸ್ಕೂಟರುಗಳನ್ನು ನೋಡಿದರೆ ಅವರ ಸೂಚನೆ ಸಕಾರಣವೆಂದೇ ತೋರುತ್ತದೆ.

ನನ್ನದು ಎಂಜಿನಿಯರ್ ವೃತ್ತಿಯಲ್ಲ. ಸಚಿವಾಲಯದಲ್ಲಿ ಭಾಷಾಂತರದ ಕೆಲಸ. ನಿಯಮಗಳನ್ನೂ ಅಧಿಸೂಚನೆಗಳನ್ನೂ ಮಾಹಿತಿ ಪತ್ರಗಳನ್ನೂ ಕನ್ನಡಕ್ಕೆ ತರುವಾಗ ಒಂದೊಂದು ವಾಕ್ಯದ ಅರ್ಥವೂ ಖಚಿತವಾಗುವವರೆಗೆ ತಿಳಿದವರನ್ನು ಕೇಳಬೇಕಾಗುತ್ತದೆ. ಹಾಗೆ ಕೇಳುತ್ತಾ ಕಲಿತದ್ದನ್ನು ಇಂದು ತಮ್ಮ ಮುಂದಿಡುತ್ತೇನೆ. ಈ ಕೆಲಸದಲ್ಲಿ ಗಮನಕ್ಕೆ ಬಂದ ಒಂದು ಸಣ್ಣ ಸಂಗತಿಯಿದೆ. ನಮ್ಮ ಮಾತಿನಲ್ಲಿ 'ಚಾರ್ಜಿಗೆ ಹಾಕುವುದು' ಎಂಬ ಪ್ರಯೋಗ ಬೇರೂರಿದೆ. ಆದರೆ ಎಷ್ಟು ತುಂಬಿದ ಮೇಲೆ ತೆಗೆಯಬೇಕು ಎಂಬುದಕ್ಕೆ ಅಷ್ಟು ಸಹಜವಾದ ಒಂದು ಮಾತು ಇನ್ನೂ ಬಂದಿಲ್ಲ. ಹಾಕಿ ಮರೆತುಬಿಡುವುದೇ ರೂಢಿ. ಬ್ಯಾಟರಿಯ ಆಯಸ್ಸಿಗೆ ಸಂಬಂಧಿಸಿದ ಪ್ರಶ್ನೆಯ ಬಹುಭಾಗ ಈ ಮರೆವಿನಲ್ಲಿಯೇ ಅಡಗಿದೆ.

ವಿದ್ಯುತ್ ವಾಹನದ ಬೆಲೆಯಲ್ಲಿ ಬ್ಯಾಟರಿಯ ಪಾಲು ದೊಡ್ಡದು. ಸ್ಕೂಟರಿನ ಬೆಲೆಯ ಮೂರನೆಯ ಒಂದು ಭಾಗವನ್ನು ಅದೇ ನುಂಗುವುದುಂಟು. ಸಾಲ ಮಾಡಿ ವಾಹನ ಕೊಂಡ ಮನೆಯಲ್ಲಿ ಸಾಲ ತೀರುವ ಮೊದಲೇ ಬ್ಯಾಟರಿ ಸೊರಗಿದರೆ ಪೆಟ್ರೋಲಿನಲ್ಲಿ ಉಳಿಸಿದ ಹಣವೆಲ್ಲ ಹೊಸ ಬ್ಯಾಟರಿಗೆ ಹೋಗುತ್ತದೆ. ಆಟೋ ಚಾಲಕರ ಪಾಡು ಇನ್ನೂ ಕಠಿಣ. ಇದೇ ಜಿಲ್ಲೆಯ ಆರಾಲುಮ್ಮೂಡಿನಲ್ಲಿರುವ, ರಾಜ್ಯ ಸರ್ಕಾರದ ಒಡೆತನದ ಕೇರಳ ಆಟೊಮೊಬೈಲ್ಸ್ ಸಂಸ್ಥೆಯು 'ನೀಂ-ಜಿ' ಎಂಬ ವಿದ್ಯುತ್ ಆಟೋವನ್ನು 2019ರಲ್ಲಿ ಹೊರತಂದಿತು. ಅನಂತರ ಬೇರೆ ತಯಾರಕರ ಆಟೋಗಳೂ ಹೆಚ್ಚಿನ ಸಂಖ್ಯೆಯಲ್ಲಿ ಬಂದವು. ಒಮ್ಮೆ ಚಾರ್ಜು ಮಾಡಿದರೆ 100 ಕಿಲೋಮೀಟರ್ ಓಡುತ್ತಿದ್ದ ಆಟೋ 70 ಕಿಲೋಮೀಟರಿಗೆ ಇಳಿದರೆ, ಸಂಜೆಯ ಬಾಡಿಗೆಗಳು, ಅಂದರೆ ದಿನದ ಒಳ್ಳೆಯ ಸಂಪಾದನೆ, ಕೈತಪ್ಪಿ ಹೋಗುತ್ತದೆ.

ಈಗ ಮೂಲ ವಿಷಯಕ್ಕೆ ಬರೋಣ. ನಾವು ಇಂದು ಲಿಥಿಯಂ ಬ್ಯಾಟರಿಯನ್ನು ನಡೆಸಿಕೊಳ್ಳುತ್ತಿರುವ ರೀತಿ ಹಳೆಯ ಬ್ಯಾಟರಿಗಳಿಂದ ಕಲಿತದ್ದು. ಮನೆಯ ಇನ್ವರ್ಟರಿನಲ್ಲಿರುವ ಸೀಸ-ಆಮ್ಲ ಬ್ಯಾಟರಿಯನ್ನು ಸದಾ ತುಂಬಿಯೇ ಇಡಬೇಕು. ಖಾಲಿಯಾಗಿ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕುಳಿತು ಬ್ಯಾಟರಿ ಕೆಡುತ್ತದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿಯೂ ಮೊದಲಿಗೆ ಇದ್ದದ್ದು ಸೀಸ-ಆಮ್ಲ ಬ್ಯಾಟರಿಯೇ. ಆದ್ದರಿಂದ 'ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕಿ, ಪೂರ್ತಿ ತುಂಬಿಸಿ' ಎಂಬುದು ಆ ಕಾಲಕ್ಕೆ ಸರಿಯಾದ ಬುದ್ಧಿವಾದವೇ ಆಗಿತ್ತು. ಮತ್ತೊಂದು ರೂಢಿ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಿಂದ ಬಂದದ್ದು. ಅದನ್ನು ಅರ್ಧಂಬರ್ಧ ಬಳಸಿ ಚಾರ್ಜು ಮಾಡಿದರೆ ಅದರ ಸಾಮರ್ಥ್ಯ ಅಷ್ಟಕ್ಕೇ ಕುಗ್ಗಿದಂತೆ ವರ್ತಿಸುತ್ತಿತ್ತು. ಆಗಾಗ ಪೂರ್ತಿ ಬರಿದು ಮಾಡಬೇಕೆಂಬ ಸಲಹೆ ಹುಟ್ಟಿದ್ದು ಅಲ್ಲಿ. ಈ ಎರಡು ರೂಢಿಗಳೂ ಲಿಥಿಯಂ ಬ್ಯಾಟರಿಗೆ ಹೊಂದುವುದಿಲ್ಲ. ಮೊದಲನೆಯದು ಅದಕ್ಕೆ ನಿಧಾನವಾಗಿ ಹಾನಿ ಮಾಡುತ್ತದೆ, ಎರಡನೆಯದು ಬೇಗ.

ಲಿಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಮೊದಲು ಮಾರುಕಟ್ಟೆಗೆ ತಂದಿತು. ಅದಕ್ಕೆ ಅಡಿಪಾಯ ಹಾಕಿದ ಜಾನ್ ಗುಡ್‌ಎನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಇದರ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು. ಕೋಶದ ಒಂದು ಬದಿಯಲ್ಲಿ ಲೋಹದ ಆಕ್ಸೈಡು ಅಥವಾ ಕಬ್ಬಿಣದ ಫಾಸ್ಫೇಟು, ಇನ್ನೊಂದು ಬದಿಯಲ್ಲಿ ಗ್ರಾಫೈಟು, ಅಂದರೆ ಪೆನ್ಸಿಲ್ ಸೀಸದಲ್ಲಿರುವ ಇಂಗಾಲದ ರೂಪ. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಸೇರುತ್ತವೆ. ವಾಹನ ಓಡುವಾಗ ಮರಳಿ ಬರುತ್ತವೆ. ಗ್ರಾಫೈಟಿನ ಮೈಮೇಲೆ ಒಂದು ತೆಳುವಾದ ಪೊರೆ ಬೆಳೆದಿರುತ್ತದೆ. ಅದು ಕೋಶವನ್ನು ಕಾಪಾಡುವ ಪೊರೆಯೇ ಹೌದು. ಆದರೆ ಕಾಲ ಕಳೆದಂತೆ ದಪ್ಪವಾಗುತ್ತಾ, ಓಡಾಡಬೇಕಾದ ಲಿಥಿಯಮನ್ನು ತನ್ನಲ್ಲಿ ಹುದುಗಿಸಿಕೊಳ್ಳುತ್ತದೆ. ಹೀಗೆ ಸಿಕ್ಕಿಕೊಂಡ ಲಿಥಿಯಂ ಮರಳಿ ಬರುವುದಿಲ್ಲ. ಬ್ಯಾಟರಿಯ ಮುಪ್ಪು ಎಂದರೆ ಬಹುಮಟ್ಟಿಗೆ ಇದೇ.

ಈ ಪೊರೆ ದಪ್ಪವಾಗುವ ವೇಗವನ್ನು ಎರಡು ಸಂಗತಿಗಳು ಹೆಚ್ಚಿಸುತ್ತವೆ: ಒಂದು ಶಾಖ, ಇನ್ನೊಂದು ತುಂಬಿಕೆಯ ಮಟ್ಟ. ಪೂರ್ತಿ ತುಂಬಿದ ಕೋಶದಲ್ಲಿ ವೋಲ್ಟೇಜು ಅತ್ಯಧಿಕವಾಗಿದ್ದು, ಬೇಡದ ರಾಸಾಯನಿಕ ಕ್ರಿಯೆಗಳಿಗೆ ಅನುಕೂಲವಾಗಿರುತ್ತದೆ. ವಾಹನ ಓಡದೆ ಸುಮ್ಮನೆ ನಿಂತಿದ್ದರೂ ಈ ಕ್ರಿಯೆಗಳು ನಿಲ್ಲುವುದಿಲ್ಲ. 'ನಾನು ಹೆಚ್ಚು ಓಡಿಸುವುದೇ ಇಲ್ಲ, ಆದರೂ ಬ್ಯಾಟರಿ ಇಳಿಯಿತು' ಎಂದು ದೂರುವವರು ಹೆಚ್ಚಾಗಿ ವಾಹನವನ್ನು ಶೇಕಡ 100ರಲ್ಲಿ ಬಿಸಿ ಜಾಗದಲ್ಲಿ ನಿಲ್ಲಿಸಿಟ್ಟವರಾಗಿರುತ್ತಾರೆ.

ಇದನ್ನು ಮನದಟ್ಟು ಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ. ತುಂಬಾ ಇದೇ ನಗರದ ಅಂಚಿನಲ್ಲಿದೆ. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಅಲ್ಲಿನ ವಿಕ್ರಂ ಸಾರಾಭಾಯ್ ಬಾಹ್ಯಾಕಾಶ ಕೇಂದ್ರವು ರಾಕೆಟ್ಟು ಮತ್ತು ಉಪಗ್ರಹಗಳಿಗಾಗಿ ಲಿಥಿಯಂ-ಅಯಾನ್ ಕೋಶಗಳನ್ನು ಸ್ವಂತವಾಗಿ ಅಭಿವೃದ್ಧಿಪಡಿಸಿದೆ. 1.5ರಿಂದ 100 ಆಂಪಿಯರ್-ಗಂಟೆಯವರೆಗಿನ ಕೋಶಗಳ ಈ ತಂತ್ರಜ್ಞಾನವನ್ನು ದೇಶದ ಉದ್ಯಮಗಳಿಗೆ ವರ್ಗಾಯಿಸಲು ಇಸ್ರೋ 2018ರಲ್ಲಿ ಮುಂದಾಯಿತು. ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯೊಡನೆ ಅದೇ ವರ್ಷ ಒಪ್ಪಂದವಾಯಿತು. ವಿದ್ಯುತ್ ವಾಹನಗಳಿಗೆ ಬೇಕಾದ ಕೋಶಗಳು ದೇಶದಲ್ಲಿಯೇ ತಯಾರಾಗಬೇಕೆಂಬುದು ಇದರ ಉದ್ದೇಶವಾಗಿತ್ತು.

ಉಪಗ್ರಹದ ಬ್ಯಾಟರಿಯನ್ನು ಯಾರೂ ಹೋಗಿ ಬದಲಿಸಲಾರರು. ಹಾಗಾದರೆ ಅದು ವರ್ಷಾನುಗಟ್ಟಲೆ ಬಾಳುವುದು ಹೇಗೆ? ಭೂಮಿಗೆ ಸಮೀಪದ ಕಕ್ಷೆಯಲ್ಲಿರುವ ಉಪಗ್ರಹವು ಸುಮಾರು 100 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಪ್ರತಿ ಸುತ್ತಿನಲ್ಲಿಯೂ ನೆರಳಿಗೆ ಬಂದಾಗ ಬ್ಯಾಟರಿ ಖರ್ಚಾಗಿ, ಬಿಸಿಲಿಗೆ ಬಂದಾಗ ತುಂಬುತ್ತದೆ. ವರ್ಷಕ್ಕೆ 5,000ಕ್ಕೂ ಹೆಚ್ಚು ಸಲ ಹೀಗಾಗುತ್ತದೆ. ನಮ್ಮ ಸ್ಕೂಟರು ದಿನಕ್ಕೊಮ್ಮೆ ಚಾರ್ಜಾದರೂ ವರ್ಷಕ್ಕೆ 365 ಸಲ ಮಾತ್ರ. ಉಪಗ್ರಹದ ಗುಟ್ಟೆಂದರೆ, ಪ್ರತಿ ಸಲವೂ ಸಾಮರ್ಥ್ಯದ ಒಂದು ಸಣ್ಣ ಪಾಲನ್ನು ಮಾತ್ರ ಬಳಸುವಂತೆ ಅದನ್ನು ರೂಪಿಸಿರುತ್ತಾರೆ. ಆಳಕ್ಕೆ ಇಳಿಯಲು ಬಿಡುವುದಿಲ್ಲ. ಇನ್ನು 36,000 ಕಿಲೋಮೀಟರ್ ಎತ್ತರದ ಸಂಪರ್ಕ ಉಪಗ್ರಹಗಳು ವರ್ಷಕ್ಕೆ ಎರಡು ಬಾರಿ, ಹಗಲಿರುಳು ಸಮವಾಗುವ ದಿನಗಳ ಆಸುಪಾಸಿನಲ್ಲಿ, ಸುಮಾರು 45 ದಿನಗಳ ಕಾಲ ಮಾತ್ರ ಭೂಮಿಯ ನೆರಳಿಗೆ ಸಿಗುತ್ತವೆ. ಉಳಿದ ತಿಂಗಳುಗಳಲ್ಲಿ ಬ್ಯಾಟರಿಗೆ ಹೆಚ್ಚಿನ ಕೆಲಸವಿಲ್ಲ. ಆ ಅವಧಿಯಲ್ಲಿ ಅದನ್ನು ಪೂರ್ತಿ ತುಂಬಿಸಿಡದೆ, ಕಡಿಮೆ ಮಟ್ಟದಲ್ಲಿ, ತಂಪಾಗಿ ಇರಿಸುವುದು ವಾಡಿಕೆ. ಬಾಹ್ಯಾಕಾಶದ ಎಂಜಿನಿಯರುಗಳು ಕೋಟಿಗಟ್ಟಲೆ ರೂಪಾಯಿಯ ವಸ್ತುವನ್ನು ನಡೆಸಿಕೊಳ್ಳುವ ಈ ರೀತಿ ಉಳ್ಳೂರಿನ ಮನೆಯ ಪೋರ್ಟಿಕೋದಲ್ಲಿ ನಿಂತ ಸ್ಕೂಟರಿಗೂ ಅನ್ವಯಿಸುತ್ತದೆ.

ಎಷ್ಟು ಸಲ ಚಾರ್ಜಿಗೆ ಹಾಕಿದೆವೆಂದು ಲೆಕ್ಕವಿಡುವುದು ಅನಾವಶ್ಯಕ. ಶೇಕಡ 50ರಷ್ಟು ಎರಡು ಸಲ ತುಂಬಿಸಿದರೆ ಅದು ಒಂದು ಪೂರ್ಣ ಆವರ್ತಕ್ಕೆ ಸಮ. ಅಷ್ಟೇ ಅಲ್ಲ, ಹಾಗೆ ಎರಡು ತುಂಡಾಗಿ ತುಂಬಿಸಿದ್ದು ಸೊನ್ನೆಯಿಂದ ನೂರಕ್ಕೆ ಒಂದೇ ಬಾರಿ ತುಂಬಿಸಿದ್ದಕ್ಕಿಂತ ಕೋಶಕ್ಕೆ ಹಗುರ. ಅಯಾನುಗಳು ಒಳಸೇರಿದಾಗ ಗ್ರಾಫೈಟು ಉಬ್ಬುತ್ತದೆ, ಹೊರಬಂದಾಗ ಕುಗ್ಗುತ್ತದೆ. ಪೂರ್ತಿ ಉಬ್ಬಿಸಿ ಪೂರ್ತಿ ಕುಗ್ಗಿಸುವುದರಿಂದ ಬಿರುಕುಗಳು ಮೂಡಿ, ಹೊಸ ಮೈ ತೆರೆದುಕೊಂಡು, ಅಲ್ಲಿ ಮತ್ತೆ ಪೊರೆ ಬೆಳೆಯುತ್ತದೆ. ಆದ್ದರಿಂದ ದಿನನಿತ್ಯದ ಓಡಾಟಕ್ಕೆ ಶೇಕಡ 20ಕ್ಕಿಂತ ಕೆಳಗೆ ಇಳಿಸದೆ, ಶೇಕಡ 80ರ ಆಸುಪಾಸಿನಲ್ಲಿ ನಿಲ್ಲಿಸುವುದು ಒಳ್ಳೆಯ ಕ್ರಮ. ಶ್ರೀಕಾರ್ಯಂನಿಂದ ಪಟ್ಟಂಗೆ ಹೋಗಿ ಬರುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ದೂರ ಪ್ರಯಾಣದ ದಿನ ಶೇಕಡ 100ಕ್ಕೆ ತುಂಬಿಸಿದರೆ ಅಪಾಯವೇನಿಲ್ಲ. ತುಂಬಿದ ಬಳಿಕ ಬೇಗ ಹೊರಟುಬಿಟ್ಟರಾಯಿತು. ದೋಷವಿರುವುದು ತುಂಬಿಸುವುದರಲ್ಲಲ್ಲ, ತುಂಬಿಸಿ ಇಡುವುದರಲ್ಲಿ.

ಶಾಖದ ವಿಚಾರದಲ್ಲಿ ನಮ್ಮವರಲ್ಲಿ ಒಂದು ಸಮಾಧಾನವಿದೆ: ಕಲಬುರಗಿ, ರಾಯಚೂರುಗಳಂತೆ ಇಲ್ಲಿ 40 ಡಿಗ್ರಿ ಬಿಸಿಲಿಲ್ಲವಲ್ಲ ಎಂದು. ಮಾತು ನಿಜ, ತಿರುವನಂತಪುರದ ಬೇಸಿಗೆ ಹೆಚ್ಚಾಗಿ 33-34 ಡಿಗ್ರಿಗಳಲ್ಲಿ ನಿಲ್ಲುತ್ತದೆ. ಆದರೆ ಇಲ್ಲಿನ ರಾತ್ರಿಗಳೂ ತಂಪಾಗುವುದಿಲ್ಲ. ಬೆಂಗಳೂರಿನಲ್ಲಿ ವರ್ಷದ ಬಹುಕಾಲ ರಾತ್ರಿ 20 ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿದು ಬ್ಯಾಟರಿಗೆ ವಿಶ್ರಾಂತಿ ದೊರೆಯುತ್ತದೆ. ಕರಾವಳಿಯಲ್ಲಿ ಅದಕ್ಕೆ ಅಂಥ ಬಿಡುವಿಲ್ಲ. ಉಷ್ಣಾಂಶ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬುದು ಶಾಲೆಯಲ್ಲಿ ಓದಿದ ಪಾಠ. ತಗಡಿನ ಮಾಡಿನ ಕೆಳಗೆ, ಗಾಳಿಯಾಡದ ಗೋಡೆಯ ಮೂಲೆಯಲ್ಲಿ, ಆಗ ತಾನೇ ಓಡಿ ಬಂದ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರೆ ಹೊರಗಿನ 33 ಡಿಗ್ರಿ ಒಳಗೆ 45 ಆಗುವುದು ಕಷ್ಟವೇನಲ್ಲ.

ಇಲ್ಲಿ ಬ್ಯಾಟರಿಯ ಹಿತವೂ ವಿದ್ಯುತ್ ಜಾಲದ ಹಿತವೂ ಒಂದೇ ಆಗಿರುವುದನ್ನು ಗಮನಿಸಬೇಕು. ಸಂಜೆ 6 ಗಂಟೆಗೆ ಮನೆಗೆ ಬಂದವರು ಕೂಡಲೇ ಚಾರ್ಜಿಗೆ ಹಾಕುತ್ತಾರೆ. ಅದೇ ಹೊತ್ತಿಗೆ ಕೇರಳದ ಮನೆಗಳಲ್ಲಿ ದೀಪ, ಪಂಕ, ಅಡುಗೆಯ ಉಪಕರಣ, ಹವಾನಿಯಂತ್ರಕಗಳೆಲ್ಲ ಒಟ್ಟಿಗೆ ಚಾಲೂ ಆಗುತ್ತವೆ. 2024ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 5,700 ಮೆಗಾವ್ಯಾಟನ್ನು ದಾಟಿ ದಾಖಲೆಯಾಯಿತು. ಅದು ರಾತ್ರಿಯ ಹೊತ್ತಿನ ಬೇಡಿಕೆ. ವಾಹನಗಳನ್ನು ಆ ವೇಳೆಯಲ್ಲಿ ಚಾರ್ಜು ಮಾಡಬೇಡಿರೆಂದು ವಿದ್ಯುತ್ ಮಂಡಲಿ ವಿನಂತಿಸುತ್ತಾ ಬಂದಿದೆ. ಸೌರ ವಿದ್ಯುತ್ತು ಹೇರಳವಾಗಿರುವ ಹಗಲಿನಲ್ಲಿ ಚಾರ್ಜಿಂಗ್ ಕೇಂದ್ರಗಳ ದರವನ್ನು ಇಳಿಸಿ, ಸಂಜೆಯ ಮೇಲೆ ಏರಿಸುವ ಕ್ರಮವೂ ಬಂದಿದೆ. ಈಗ ಬ್ಯಾಟರಿಯ ಕಡೆಯಿಂದ ನೋಡೋಣ. ಸಂಜೆ 6ಕ್ಕೆ ಅದು ಬಿಸಿಯಾಗಿರುತ್ತದೆ. ಆಗಲೇ ಹಾಕಿದರೆ 10-11 ಗಂಟೆಗೆ ತುಂಬಿ, ಬೆಳಗಿನ 9ರವರೆಗೆ ಶೇಕಡ 100ರಲ್ಲಿಯೇ ಕುಳಿತಿರುತ್ತದೆ. ಮಧ್ಯರಾತ್ರಿಯ ನಂತರ, ಅಥವಾ ನಸುಕಿನಲ್ಲಿ ಹಾಲು ಕಾಯಿಸಲು ಎದ್ದಾಗ ಹಾಕಿದರೆ ಬ್ಯಾಟರಿ ತಣ್ಣಗಾಗಿರುತ್ತದೆ, ಹೊರಡುವ ಹೊತ್ತಿಗೆ ಸರಿಯಾಗಿ ಸಿದ್ಧವಾಗುತ್ತದೆ, ಜಾಲದ ಮೇಲೂ ಹೊರೆಯಿಲ್ಲ. 3 ಕಿಲೋವ್ಯಾಟ್-ಗಂಟೆಯ ಸ್ಕೂಟರನ್ನು ಶೇಕಡ 40ರಿಂದ 80ಕ್ಕೆ ಏರಿಸಲು ಮನೆಯ ಸಾಧಾರಣ ಚಾರ್ಜರಿಗೆ ಸುಮಾರು ಎರಡು ಗಂಟೆ ಸಾಕು. ಅನೇಕ ಕಾರುಗಳಲ್ಲಿ ವೇಳೆಯನ್ನೂ ಮಟ್ಟವನ್ನೂ ಮೊದಲೇ ನಿಗದಿಪಡಿಸುವ ಸೌಲಭ್ಯವಿದೆ. ಹೊಂದಿರುವವರಲ್ಲಿ ಬಳಸುವವರು ಕಡಿಮೆ. ಮಾಡಿನ ಮೇಲೆ ಸೌರ ಫಲಕವಿದ್ದು, ವಾಹನ ಹಗಲು ಮನೆಯಲ್ಲಿಯೇ ಇರುವವರು ಮಧ್ಯಾಹ್ನಕ್ಕೆ ಮೊದಲೇ ನೆರಳಿನಲ್ಲಿ ಚಾರ್ಜು ಮಾಡಿಕೊಳ್ಳಬಹುದು.

ವೇಗದ ಚಾರ್ಜಿನ ಬಗ್ಗೆ ಎರಡು ಅತಿರೇಕದ ಅಭಿಪ್ರಾಯಗಳಿವೆ. ಅದನ್ನು ಮುಟ್ಟಲೇಬಾರದೆನ್ನುವವರಿದ್ದಾರೆ, ಅದರಿಂದ ಏನೂ ಆಗದೆನ್ನುವವರೂ ಇದ್ದಾರೆ. ಅಯಾನುಗಳನ್ನು ಅವಸರವಾಗಿ ತಳ್ಳಿದಾಗ, ವಿಶೇಷವಾಗಿ ಕೋಶ ಬಹುಪಾಲು ತುಂಬಿರುವಾಗ, ಅವು ಗ್ರಾಫೈಟಿನ ಒಳಗೆ ಸೇರಲು ಜಾಗ ಸಿಗದೆ ಮೇಲ್ಮೈಯಲ್ಲಿಯೇ ಲೋಹವಾಗಿ ಕೂರುತ್ತವೆ. ಆ ಲಿಥಿಯಂ ಬಹುಪಾಲು ನಷ್ಟವೇ. ಶೇಕಡ 80ರ ನಂತರ ವೇಗದ ಚಾರ್ಜರು ತಾನಾಗಿಯೇ ನಿಧಾನವಾಗುವುದು ಈ ಕಾರಣಕ್ಕೆ. ಹೀಗಿರುವಾಗ ಅಲ್ಲಿ ಶೇಕಡ 100ಕ್ಕಾಗಿ ಕಾಯುವುದು ನಮ್ಮ ಹೊತ್ತನ್ನೂ ಹಿಂದೆ ನಿಂತವರ ಹೊತ್ತನ್ನೂ ಹಾಳುಮಾಡಿದಂತೆ. ಕೊಚ್ಚಿಗೆ ಹೋಗುವ ದಾರಿಯಲ್ಲಿ ಒಮ್ಮೆ ಬಳಸಿದರೆ ಚಿಂತೆಯಿಲ್ಲ. ಮನೆಯಲ್ಲಿ ಸೌಕರ್ಯವಿದ್ದೂ ದಿನವೂ ಅದನ್ನೇ ನಂಬುವುದು ಸರಿಯಲ್ಲ.

ಕೊಚ್ಚಿಯ ಮಾತು ಬಂದದ್ದರಿಂದ ಒಂದು ಸಂದೇಹವನ್ನು ಪರಿಹರಿಸಬೇಕು. 2023ರ ಏಪ್ರಿಲ್ 25ರಂದು ಉದ್ಘಾಟನೆಯಾದ ಕೊಚ್ಚಿ ಜಲ ಮೆಟ್ರೋದ ದೋಣಿಗಳು ಕಟ್ಟೆಯಲ್ಲಿ ನಿಂತ ಹತ್ತು ಹದಿನೈದು ನಿಮಿಷಗಳಲ್ಲಿಯೇ ಚಾರ್ಜಾಗಿ ಹೊರಡುತ್ತವೆ. ದಿನವಿಡೀ ಹೀಗೆಯೇ ನಡೆಯುತ್ತದೆ. ದೋಣಿಗೆ ಆಗುವುದು ಸ್ಕೂಟರಿಗೇಕೆ ಆಗದು ಎಂದು ಕೇಳುವವರಿದ್ದಾರೆ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ಆ ದೋಣಿಗಳಲ್ಲಿರುವುದು ಲಿಥಿಯಂ ಟೈಟನೇಟ್ ಬ್ಯಾಟರಿ. ಅದರಲ್ಲಿ ಗ್ರಾಫೈಟಿನ ಬದಲು ಟೈಟನೇಟು ಇರುವುದರಿಂದ ವೇಗದ ಚಾರ್ಜಿನಲ್ಲಿಯೂ ಲಿಥಿಯಂ ಲೋಹವಾಗಿ ಕೂರುವ ಭಯವಿಲ್ಲ. ಸಾವಿರಾರು ಆವರ್ತಗಳನ್ನು ಅದು ತಾಳುತ್ತದೆ. ಆದರೆ ಅದೇ ತೂಕಕ್ಕೆ ಅದು ಹಿಡಿಯುವ ಶಕ್ತಿ ಕಡಿಮೆ, ಬೆಲೆ ಹೆಚ್ಚು. ನೀರಿನ ಮೇಲೆ ತೂಕ ಹೊರಬಹುದು, ಸ್ಕೂಟರು ಹೊರಲಾರದು. ಬ್ಯಾಟರಿ ಎಂಬ ಹೆಸರೊಂದೇ, ಜಾತಿಗಳು ಹಲವು.

ಇದೇ ಕಾರಣದಿಂದ ಶೇಕಡ 80ರ ಮಾತಿಗೂ ಒಂದು ಅಪವಾದ ಹೇಳಬೇಕಾಗಿದೆ. ಅನೇಕ ಕಾರು, ಆಟೋ, ಬಸ್ಸುಗಳಲ್ಲಿ ಈಗ ಕಬ್ಬಿಣ-ಫಾಸ್ಫೇಟ್ ಕೋಶಗಳಿವೆ. ಇವು ಹೆಚ್ಚು ಕಾಲ ಬಾಳುವಂಥವು, ಶಾಖವನ್ನೂ ಸ್ವಲ್ಪ ಹೆಚ್ಚು ತಾಳುವಂಥವು. ಆದರೆ ಇವುಗಳ ವೋಲ್ಟೇಜು ಶೇಕಡ 20ರಲ್ಲಿಯೂ ಶೇಕಡ 90ರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಎಷ್ಟು ಉಳಿದಿದೆಯೆಂದು ಲೆಕ್ಕ ಹಾಕುವ ನಿಯಂತ್ರಕವು ದಿನಗಳೆದಂತೆ ದಾರಿ ತಪ್ಪುತ್ತದೆ. ಪರದೆಯ ಮೇಲೆ ಶೇಕಡ 15 ತೋರಿಸುತ್ತಿದ್ದ ಆಟೋ ನಡುರಸ್ತೆಯಲ್ಲಿ ನಿಂತುಬಿಡುವುದು ಹೀಗೆ. ಇಂಥ ವಾಹನಗಳನ್ನು ಆಗಾಗ, ಹಲವು ತಯಾರಕರ ಸಲಹೆಯಂತೆ ವಾರಕ್ಕೊಮ್ಮೆ, ನಿಧಾನದ ಚಾರ್ಜರಿನಲ್ಲಿ ಶೇಕಡ 100ಕ್ಕೆ ತುಂಬಿಸಬೇಕು. ಕೋಶಗಳ ನಡುವಿನ ಹೆಚ್ಚುಕಡಿಮೆಗಳು ಸಮವಾಗುವುದೂ ಆ ಕೊನೆಯ ಹಂತದಲ್ಲಿಯೇ. ನಿಮ್ಮ ವಾಹನದಲ್ಲಿರುವುದು ಯಾವ ಬಗೆಯದು ಎಂಬುದನ್ನು ಕೈಪಿಡಿಯಲ್ಲಿ ನೋಡಿ, ಇಲ್ಲವೇ ಮಾರಾಟಗಾರರನ್ನು ಕೇಳಿ. ಕೈಪಿಡಿಯನ್ನು ಓದುವವರು ವಿರಳ. ಪುಟಗಟ್ಟಲೆ ಭಾಷಾಂತರಿಸುವ ವೃತ್ತಿಯವರಿಗೆ ಇದು ಹಳೆಯ ವ್ಯಥೆ.

ಆಟೋ ಚಾಲಕರಿಗೆ ಶೇಕಡ 20-80ರ ಉಪದೇಶ ಮಾಡುವುದು ಸುಲಭ. ಪಾಲಿಸುವುದು ಅವರಿಗೆ ಸುಲಭವಲ್ಲ. ದಿನಕ್ಕೆ 100 ಕಿಲೋಮೀಟರ್ ಓಡಬೇಕಾದವರು ತುಂಬಿಸಿಕೊಂಡೇ ಹೊರಡಬೇಕು. ಅವರಿಗೆ ನೆರವಾಗುವುದು ನಡುವೆ ಸಿಗುವ ಸಣ್ಣ ಚಾರ್ಜು. ಕೇರಳದ ವಿದ್ಯುತ್ ಮಂಡಲಿಯು 2021ರಲ್ಲಿ ಕೋಳಿಕ್ಕೋಡಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, ಬಳಿಕ ರಾಜ್ಯದಾದ್ಯಂತ ಸಾವಿರಕ್ಕೂ ಹೆಚ್ಚು ಕಡೆ ವಿದ್ಯುತ್ ಕಂಬಗಳಿಗೇ ಚಾರ್ಜಿಂಗ್ ಪೆಟ್ಟಿಗೆಗಳನ್ನು ಅಳವಡಿಸಿತು. ಊಟದ ಹೊತ್ತಿನಲ್ಲಿ ಒಂದು ಗಂಟೆ ಅಲ್ಲಿ ನಿಲ್ಲಿಸಿಕೊಂಡರೆ ಬ್ಯಾಟರಿ ಸೊನ್ನೆಯ ಹತ್ತಿರ ಹೋಗುವುದು ತಪ್ಪುತ್ತದೆ. ನನ್ನ ಮಟ್ಟಿಗೆ ಇದು ದೊಡ್ಡ ವೇಗದ ಕೇಂದ್ರಗಳಿಗಿಂತ ಬಡವರಿಗೆ ಹತ್ತಿರವಾದ ಯೋಜನೆ. ಪೆಟ್ಟಿಗೆಗಳು ಸುಸ್ಥಿತಿಯಲ್ಲಿರಬೇಕು, ಅವುಗಳ ಮುಂದೆ ಬೇರೆ ವಾಹನಗಳು ನಿಲ್ಲಬಾರದು, ಅಷ್ಟಾದರೆ ಸಾಕು.

ಸುರಕ್ಷತೆಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. 2022ರಲ್ಲಿ ಕೆಲವೆಡೆ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರವು ಎ.ಐ.ಎಸ್. 156 ಎಂಬ ಮಾನಕವನ್ನು ಬಿಗಿಗೊಳಿಸಿ, ಆ ವರ್ಷದ ಡಿಸೆಂಬರ್‌ನಿಂದ ಹಂತಹಂತವಾಗಿ ಜಾರಿಗೆ ತಂದಿತು. ವಾಹನದೊಡನೆ ಬಂದ ಚಾರ್ಜರನ್ನೇ ಬಳಸಿರಿ. ಅಗ್ಗವೆಂದು ಬೇರೆಯದನ್ನು ತಂದರೆ ಬ್ಯಾಟರಿಯೊಡನೆ ಮಾತನಾಡಿ ನಿಲ್ಲಬೇಕಾದಲ್ಲಿ ನಿಲ್ಲುವ ಏರ್ಪಾಡು ಅದರಲ್ಲಿ ಇಲ್ಲದಿರಬಹುದು. 2023ರ ಅಕ್ಟೋಬರಿನಲ್ಲಿ ಈ ನಗರದ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿದ್ದು ತಮಗೆ ಗೊತ್ತೇ ಇದೆ. ಹಾಗೆ ನೀರಿನಲ್ಲಿ ನಿಂತ ವಾಹನವನ್ನು ಒಣಗಿತೆಂದು ಚಾರ್ಜಿಗೆ ಹಾಕಬಾರದು. ಪರೀಕ್ಷೆಯಾಗುವವರೆಗೆ ಮನೆಯಿಂದ ದೂರ ನಿಲ್ಲಿಸಿರಬೇಕು. ಕೊನೆಗೆ ಬ್ಯಾಟರಿ ಮುಗಿದಾಗ ಅದನ್ನು ಗುಜರಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಹಿಂಪಡೆದು ಸಂಸ್ಕರಿಸುವ ವ್ಯವಸ್ಥೆ ಮಾಡುವುದು ತಯಾರಕರ ಹೊಣೆ.

ಇನ್ನು ಇಲ್ಲಿರುವ ಬಹುಮಂದಿಗೆ ಸಂಬಂಧಿಸಿದ ಒಂದು ವಿಷಯ ಉಳಿದಿದೆ. ಏಪ್ರಿಲ್-ಮೇ ತಿಂಗಳ ಶಾಲಾ ರಜೆಯಲ್ಲಿ ಮನೆಗೆ ಬೀಗ ಹಾಕಿ ಕಾಸರಗೋಡಿನ ಕಡೆಗೋ ಮಂಗಳೂರಿನ ಕಡೆಗೋ ರೈಲು ಹತ್ತುವಾಗ, ಸ್ಕೂಟರನ್ನು ಪೂರ್ತಿ ತುಂಬಿಸಿ ಚಾರ್ಜರಿನಲ್ಲಿಯೇ ಬಿಟ್ಟು ಹೋಗುವುದು ಹಲವರ ಅಭ್ಯಾಸ. ವರ್ಷದ ಅತ್ಯಂತ ಬಿಸಿಯ ತಿಂಗಳಲ್ಲಿ ಬ್ಯಾಟರಿಯನ್ನು ಅತ್ಯಂತ ಎತ್ತರದ ಮಟ್ಟದಲ್ಲಿ ಇಟ್ಟಂತಾಯಿತು. ಖಾಲಿ ಮಾಡಿ ಬಿಡುವುದು ಇದಕ್ಕಿಂತಲೂ ಕೆಟ್ಟದ್ದು. ಒಳಗಿನ ನಿಯಂತ್ರಕವು ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ತನ್ನು ಬಳಸುತ್ತಲೇ ಇರುವುದರಿಂದ ವೋಲ್ಟೇಜು ಅಪಾಯದ ಮಟ್ಟಕ್ಕಿಂತ ಕೆಳಗಿಳಿದು, ಒಳಗಿನ ತಾಮ್ರ ಕರಗಿ ಕೋಶವೇ ಕೆಡಬಹುದು. ಹೊರಡುವ ಮುನ್ನ ಶೇಕಡ 50-60ರಲ್ಲಿ ನಿಲ್ಲಿಸಿ, ಪ್ಲಗ್ಗು ತೆಗೆದು, ಮಧ್ಯಾಹ್ನದ ಬಿಸಿಲು ಬೀಳದ ಗಾಳಿಯಾಡುವ ಜಾಗದಲ್ಲಿ ಇಟ್ಟು ಹೋಗಿ. ಕಾರಾದರೆ ಅದರಲ್ಲಿರುವ 12 ವೋಲ್ಟಿನ ಸಣ್ಣ ಬ್ಯಾಟರಿ ಹೆಚ್ಚಾಗಿ ಸೀಸ-ಆಮ್ಲದ್ದೇ. ತಿಂಗಳಿಗಿಂತ ಹೆಚ್ಚು ಕಾಲ ಬಿಡುವುದಾದರೆ ಅದರ ಬಗ್ಗೆ ಕೈಪಿಡಿ ಹೇಳುವುದನ್ನು ನೋಡಿಕೊಳ್ಳಿ. ಮರಳಿ ಬಂದಾಗ ಪರದೆಯಲ್ಲಿ ಕೆಲವು ಅಂಶ ಇಳಿದಿದ್ದರೆ ಗಾಬರಿಯಾಗಬೇಕಿಲ್ಲ. ಅಂದು ರಾತ್ರಿ ಹನ್ನೆರಡರ ಮೇಲೆ ಚಾರ್ಜಿಗೆ ಹಾಕಿದರೆ ಮರುದಿನದ ಕೆಲಸಕ್ಕೆ ಸಾಕಾಗುತ್ತದೆ.

ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಬಹುದು.